ನೆಲದ ಏರಿಳಿತವನ್ನು ಉಪಗ್ರಹದಿಂದ ಅಳೆಯುವುದು: ಗ್ರೀನ್‌ಲ್ಯಾಂಡಿನ ಡೇಟಾದಲ್ಲಿ ಕಲಿತು ಕರಾವಳಿಯ ಪಾದೆಯ ಮೇಲೆ ಮಾಡುವ ಕೆಲಸ

ಜನವರಿಯಲ್ಲಿ ಒಂದು ದಿನ ತಾರಸಿಯ ಮೇಲೆ ಜಿಪಿಎಸ್ ರಿಸೀವರ್ ಇಟ್ಟು ಎತ್ತರ ಬರೆದುಕೊಳ್ಳುತ್ತಾರೆ. ಆಗಸ್ಟಿನಲ್ಲಿ ಮಳೆ ಬಿಟ್ಟ ಒಂದು ದಿನ ಮತ್ತೆ ಇಟ್ಟು ಬರೆದುಕೊಳ್ಳುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆದರೆ 14 ಮಿ.ಮೀ. ಬರುತ್ತದೆ. ‘ಸುರತ್ಕಲ್ ಬಳಿ ನೆಲ ಕುಸಿಯುತ್ತಿದೆ’ ಎಂಬ ವರದಿ ಸಿದ್ಧ. ಆ 14 ಮಿ.ಮೀ.ನಲ್ಲಿ ನೆಲದ ಪಾಲು ಸೊನ್ನೆಯೇ ಇರಬಹುದು. ಟೇಪನ್ನು ಓರೆಯಾಗಿ ಹಿಡಿದದ್ದು, ಮಳೆಗಾಲದ ಗಾಳಿಯ ತೇವ, ಸಮುದ್ರದ ಉಬ್ಬರದ ಭಾರ, ಬಿಸಿಲಿಗೆ ಹಿಗ್ಗಿದ ಕಾಂಕ್ರೀಟು, ಎರಡು ಸಲ ಬೇರೆ ಬೇರೆ ನಿರ್ದೇಶಾಂಕ ಚೌಕಟ್ಟಿನಲ್ಲಿ ಮಾಡಿದ ಲೆಕ್ಕ, ಎಲ್ಲವೂ ಅದರೊಳಗೆ ಸೇರಿಕೊಂಡಿರುತ್ತವೆ.

ಉಪಗ್ರಹ ಕೊಡುವ ಎತ್ತರದ ಅಂಕೆ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಕಲ್ಲು, ಆ್ಯಂಟೆನಾ, ಲೆಕ್ಕದ ವಿಧಾನ ಇವು ಮೂರೂ ವರ್ಷಗಟ್ಟಲೆ ಬದಲಾಗದೆ ನಿಂತರೆ ಮಾತ್ರ ಕಂಡ ಬದಲಾವಣೆಯನ್ನು ನೆಲದ್ದು ಎನ್ನಬಹುದು. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಮುಂದೆ ಯಾವ ಸಾಫ್ಟ್‌ವೇರೂ ಸರಿಪಡಿಸಲಾರದು.

ಮೊದಲು ಗೊತ್ತಿರಬೇಕಾದದ್ದು: ಯಾವುದರ ಚಲನೆ?

ಹಿಮಹಾಸಿನ ಕರಗುವಿಕೆಯನ್ನು ಜಿಪಿಎಸ್‌ನಿಂದ ಅಳೆಯುತ್ತಾರೆ ಎಂದ ಕೂಡಲೇ ಮಂಜುಗಡ್ಡೆಯ ಮೇಲೆ ನೆಟ್ಟ ಕಂಬ ಕಣ್ಣಿಗೆ ಬರುತ್ತದೆ. ಹಾಗೆ ನೆಡುವುದೂ ಇದೆ, ಆದರೆ ಅದು ಅಳೆಯುವುದು ಮಂಜಿನ ಹರಿವನ್ನು. ಗ್ರೀನ್‌ಲ್ಯಾಂಡಿನ ಯಾಕೊಬ್ಸ್‌ಹಾವ್ನ್ ಹಿಮನದಿ 2012ರ ಬೇಸಿಗೆಯಲ್ಲಿ ದಿನಕ್ಕೆ 40 ಮೀಟರಿಗೂ ಹೆಚ್ಚು ಸರಿದಿತ್ತು. ಅಂಥ ಕಡೆ ಮಿಲಿಮೀಟರಿನ ಮಾತೇ ಬರುವುದಿಲ್ಲ.

ಕರಗಿದ ತೂಕ ತಿಳಿಯಲು ಆ್ಯಂಟೆನಾವನ್ನು ಮಂಜಿನ ಅಂಚಿನಲ್ಲಿ ಹೊರಗೆ ಕಾಣುವ ಬಂಡೆಗೆ ಬಿಗಿಯುತ್ತಾರೆ. ಹಾಸಿಗೆಯಿಂದ ಎದ್ದಾಗ ಹತ್ತಿ ಮೇಲೇಳುವಂತೆ, ಭಾರ ಇಳಿದಾಗ ತಳಶಿಲೆ ಏಳುತ್ತದೆ. ಗ್ರೀನ್‌ಲ್ಯಾಂಡಿನ ಸುತ್ತ ಬಂಡೆಯ ಮೇಲೆ 50ಕ್ಕೂ ಹೆಚ್ಚು ಇಂಥ ಕೇಂದ್ರಗಳ ‘ಜಿನೆಟ್’ ಜಾಲವಿದೆ. ಅಲ್ಲಿ ನೆಲ ವರ್ಷಕ್ಕೆ ಕೆಲವು ಮಿ.ಮೀ.ನಿಂದ ಎರಡು ಸೆಂ.ಮೀ. ಆಸುಪಾಸಿನವರೆಗೆ ಏರುತ್ತದೆ. ನಮ್ಮ ಕರಾವಳಿಯಲ್ಲಿ ಹುಡುಕಬೇಕಾದದ್ದು ವರ್ಷಕ್ಕೆ ಒಂದೆರಡು ಮಿ.ಮೀ. ಅಥವಾ ಅದಕ್ಕೂ ಕಡಿಮೆ. ಆದ್ದರಿಂದ ದೊಡ್ಡ ಸದ್ದಿರುವ ಕಡೆ ಕಿವಿ ಪಳಗಿಸಿಕೊಂಡು, ಪಿಸುಮಾತಿನ ಕಡೆಗೆ ಆಮೇಲೆ ಬನ್ನಿ.

ಬೇಕಾಗುವ ಸಾಮಾನು

ಮೊದಲ ಹಂತಕ್ಕೆ ಲ್ಯಾಪ್‌ಟಾಪು, ಇಂಟರ್ನೆಟ್ಟು, ಪೈಥಾನ್ ಅಥವಾ ಸ್ಪ್ರೆಡ್‌ಶೀಟು ಸಾಕು. ಸ್ವಂತ ಕೇಂದ್ರಕ್ಕೆ ಕನಿಷ್ಠ ಎರಡು ಆವರ್ತನ ಹಿಡಿಯುವ ರಿಸೀವರ್ ಬೇಕು. ಜಿಪಿಎಸ್‌ನ ಎಲ್1 1575.42 ಮೆಗಾಹರ್ಟ್ಸ್, ಎಲ್2 1227.60, ಎಲ್5 1176.45. ವಾತಾವರಣದ ಮೇಲ್ಪದರವಾದ ಅಯಾನುಗೋಳದಲ್ಲಿ ಸಂಕೇತಕ್ಕೆ ಆಗುವ ವಿಳಂಬ ಆವರ್ತನಕ್ಕೆ ತಕ್ಕಂತೆ ಬದಲಾಗುವುದರಿಂದ, ಎರಡಿದ್ದರೆ ಅದರ ಬಹುಪಾಲನ್ನು ಕಳೆಯಬಹುದು. ಮೊಬೈಲಿನಿಂದ ಈ ಕೆಲಸ ಆಗದು.

ಹಣ ಸೀಮಿತವಾಗಿದ್ದರೆ ರಿಸೀವರ್ ಅಗ್ಗದ್ದಾಗಲಿ, ಆ್ಯಂಟೆನಾ ಅಗ್ಗದ್ದಾಗಬಾರದು. ಬಹುಮಂದಿ ಇದನ್ನು ತಿರುಗುಮುರುಗು ಮಾಡುತ್ತಾರೆ. ಯುಬ್ಲಾಕ್ಸ್ ಎಫ್9ಪಿ ಮಾದರಿಯ ಎರಡು ಆವರ್ತನದ ಬೋರ್ಡು ನಡೆಯುತ್ತದೆ. ಆ್ಯಂಟೆನಾ ಮಾತ್ರ ಅಂತಾರಾಷ್ಟ್ರೀಯ ಜಿಎನ್‌ಎಸ್‌ಎಸ್ ಸೇವೆಯ (ಜಿಎನ್‌ಎಸ್‌ಎಸ್ ಎಂದರೆ ಜಿಪಿಎಸ್‌ನಂಥ ಎಲ್ಲ ಉಪಗ್ರಹ ವ್ಯವಸ್ಥೆಗಳ ಒಟ್ಟು ಹೆಸರು) ಕ್ಯಾಲಿಬ್ರೇಶನ್ ಪಟ್ಟಿಯಲ್ಲಿ, ಅಂದರೆ ಸಂಕೇತ ಆ್ಯಂಟೆನಾದ ಯಾವ ಬಿಂದುವಿಗೆ ತಲುಪುತ್ತದೆ ಎಂಬ ತಿದ್ದುಪಡಿಗಳ ಪಟ್ಟಿಯಲ್ಲಿ, ಹೆಸರಿರುವಂಥದ್ದೇ ಆಗಿರಲಿ. ನೆಲಕ್ಕೆ, ಗೋಡೆಗೆ ತಟ್ಟಿ ಬರುವ ಸಂಕೇತವನ್ನು ತಡೆಯುವ ಲೋಹದ ಉಂಗುರಗಳಿರುವ ‘ಚೋಕ್ ರಿಂಗ್’ ಆ್ಯಂಟೆನಾ ಸಿಕ್ಕರೆ ಒಳ್ಳೆಯದು.

ಉಳಿದಂತೆ: 316 ದರ್ಜೆಯ ಸ್ಟೇನ್‌ಲೆಸ್ ಸರಳು (ಉಪ್ಪುಗಾಳಿಗೆ 304 ದರ್ಜೆಯದು ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ), ಎಪಾಕ್ಸಿ, ರಸಮಟ್ಟ, ಉಕ್ಕಿನ ಟೇಪು, ದಿಕ್ಸೂಚಿ, 12 ವೋಲ್ಟ್ ಬ್ಯಾಟರಿ, ಸೋಲಾರ್ ಫಲಕ, ಸಿಡಿಲು ತಡೆಯುವ ಸರ್ಜ್ ಅರೆಸ್ಟರ್, ಒಂದು ದಪ್ಪ ನೋಟ್‌ಬುಕ್. ನೋಟ್‌ಬುಕ್ಕನ್ನು ತಮಾಷೆಗೆ ಸೇರಿಸಿದ್ದಲ್ಲ.

ಹಂತ 1: ಸಿದ್ಧ ಡೇಟಾದಲ್ಲಿ ಕೈ ಪಳಗಿಸಿ

ನೆವಾಡ ವಿಶ್ವವಿದ್ಯಾಲಯದ ಜಿಯೊಡೆಟಿಕ್ ಪ್ರಯೋಗಾಲಯವು ಜಗತ್ತಿನ ಸಾವಿರಾರು ಕೇಂದ್ರಗಳ ದಿನದಿನದ ಸ್ಥಾನವನ್ನು ಉಚಿತವಾಗಿ ಕೊಡುತ್ತದೆ. ಮೂರು ಕೇಂದ್ರಗಳನ್ನು ಇಳಿಸಿಕೊಳ್ಳಿ: ಯಾಕೊಬ್ಸ್‌ಹಾವ್ನ್ ಹಿಮನದಿಯ ಬಳಿಯ ಕೆಎಜಿಎ, ಕಾಂಗರ್ಲುಸ್ಸುವಾಕ್ ಬಳಿಯ ಕೆಇಎಲ್‌ವೈ, ನಮ್ಮ ಬೆಂಗಳೂರಿನ ಐಐಎಸ್‌ಸಿ.

ಕಡತದ ರೂಪ ‘ಟೆನ್‌ವಿ3’. ಮೊದಲ ಎಡವಟ್ಟು ಆಗುವುದು ಇಲ್ಲೇ. ಎತ್ತರದ ಪೂರ್ಣಾಂಕ 12ನೇ ಕಾಲಮಿನಲ್ಲಿ, ಭಿನ್ನಭಾಗ 13ನೇ ಕಾಲಮಿನಲ್ಲಿ ಇರುತ್ತದೆ. ಪೂರ್ವ ಮತ್ತು ಉತ್ತರ ದಿಕ್ಕುಗಳಿಗೂ ಇದೇ ಏರ್ಪಾಡು. ಭಿನ್ನಭಾಗವನ್ನಷ್ಟೇ ಎಳೆದುಕೊಂಡರೆ, ಪೂರ್ಣಾಂಕ ಬದಲಾದ ದಿನ ನಕ್ಷೆಯಲ್ಲಿ ಒಂದು ಮೀಟರಿನ ಗೋಡೆ ಎದ್ದು ನಿಲ್ಲುತ್ತದೆ. ಎರಡನ್ನೂ ಕೂಡಿಸಿ, ಮೊದಲ ದಿನದ ಬೆಲೆ ಕಳೆದು, ಮಿಲಿಮೀಟರಿಗೆ ಬದಲಾಯಿಸಿ ನಕ್ಷೆ ಬರೆಯಿರಿ.

ಐಐಎಸ್‌ಸಿಯನ್ನು ಮೊದಲು ನೋಡಿ. ಅದು ಉತ್ತರಕ್ಕೆ ವರ್ಷಕ್ಕೆ ಸುಮಾರು 35 ಮಿ.ಮೀ., ಪೂರ್ವಕ್ಕೆ 40ಕ್ಕಿಂತ ತುಸು ಹೆಚ್ಚು ಸರಿಯುವುದು ಕಾಣಬೇಕು. ಇದು ಭಾರತ ಭೂಫಲಕದ ನಡಿಗೆ. ನಿಮ್ಮ ನಕ್ಷೆಯಲ್ಲಿ ಈ ಅಂಕೆ ಬರದಿದ್ದರೆ ಕಾಲಮು ಅಥವಾ ಚಿಹ್ನೆ ತಪ್ಪಿದೆ, ಮುಂದೆ ಹೋಗಬೇಡಿ. ಎತ್ತರದ ಗೆರೆ ಮಾತ್ರ ಹೆಚ್ಚು ಗಜಿಬಿಜಿಯಾಗಿರುತ್ತದೆ. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲೇ ಇರುವುದರಿಂದ, ಕೆಳಗಿನಿಂದ ಹಿಡಿದೆಳೆಯುವ ಉಪಗ್ರಹ ಒಂದೂ ಇಲ್ಲ. ಹಾಗಾಗಿ ಲಂಬದ ಅಳತೆ ಅಡ್ಡದ ಅಳತೆಗಿಂತ ಎರಡು ಮೂರು ಪಟ್ಟು ಒರಟು. ಒಳ್ಳೆಯ ಕೇಂದ್ರದಲ್ಲಿ ದಿನದ ಅಡ್ಡ ಅಳತೆ 1ರಿಂದ 3 ಮಿ.ಮೀ. ಒಳಗೆ ಚದುರಿದರೆ, ಎತ್ತರ 4ರಿಂದ 8 ಮಿ.ಮೀ. ಚದುರುತ್ತದೆ.

ಈಗ ಕೆಎಜಿಎ. ಏರು ಬರಿಗಣ್ಣಿಗೇ ಕಾಣುತ್ತದೆ. ಕೆಇಎಲ್‌ವೈ ಇನ್ನೂ ಒಳ್ಳೆಯ ಪಾಠ. 1990ರ ದಶಕದ ಕೊನೆಯಲ್ಲಿ ಇಳಿಯುತ್ತಿದ್ದ ಆ ನೆಲ ಆಮೇಲೆ ಏರತೊಡಗಿತು. ಇಡೀ ಅವಧಿಗೆ ಒಂದೇ ನೇರಗೆರೆ ಎಳೆದು ವೇಗ ಬರೆದರೆ ಇಳಿತವೂ ಸುಳ್ಳು, ಏರಿಕೆಯೂ ಸುಳ್ಳು. ಗೆರೆ ಎಳೆಯುವ ಮುಂಚೆ ನಕ್ಷೆಯನ್ನು ಕಣ್ಣಿನಿಂದ ನೋಡುವ ಅಭ್ಯಾಸ ಇಲ್ಲಿಂದಲೇ ಆಗಲಿ.

ಹಂತ 2: ಕಲ್ಲು ಆರಿಸುವುದು

ಕರಾವಳಿಯಲ್ಲಿ ಕೇಂದ್ರಗಳು ಸೋಲುವುದು ಹೆಚ್ಚಾಗಿ ಈ ಹಂತದಲ್ಲೇ. ಮಂಗಳೂರು, ಉಡುಪಿ ಸುತ್ತ ಮೇಲೆ ಮುರಕಲ್ಲು, ಅದರಡಿಗೆ ಶೇಡಿ ಮಣ್ಣು, ಅದರ ಕೆಳಗೆ ಗಟ್ಟಿ ಶಿಲೆ. ಒಣಗಿದಾಗ ಕಬ್ಬಿಣದಂತಿರುವ ಮುರಕಲ್ಲಿನ ತುಂಬ ರಂಧ್ರ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅದು ನೀರು ಕುಡಿಯುತ್ತದೆ. ಅಡಿಯ ಶೇಡಿ ಮಣ್ಣು ನೆನೆದರೆ ಬಲ ಕಳೆದುಕೊಳ್ಳುತ್ತದೆ. ಮುರಕಲ್ಲಿನ ಮೇಲೆ ಎರಡಡಿ ಕಾಂಕ್ರೀಟು ಕಂಬ ಕಟ್ಟಿದರೆ ನೀವು ಅಳೆಯುವುದು ಮಳೆಗಾಲವನ್ನು.

ನಿಮ್ಮ ಮೊದಲ ಆಯ್ಕೆ ಬೇರು ಬಿಟ್ಟ ಕಪ್ಪುಪಾದೆ, ಅಂದರೆ ಅಡಿಯ ಗಟ್ಟಿ ಶಿಲೆಯೊಂದಿಗೆ ಒಂದಾಗಿರುವ ಕಪ್ಪು ಬಂಡೆ ಆಗಲಿ. ಕಾರ್ಕಳದ ಕಡೆ ಇಂಥವು ಧಾರಾಳ. ಸುತ್ತಿಗೆಯಿಂದ ಬಡಿದು ನೋಡಿ: ಗಂಟೆಯಂತೆ ಠಣ್ ಎಂದರೆ ಒಳ್ಳೆಯದು, ಡೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಬಿರುಕಿನಿಂದ ಕನಿಷ್ಠ ಒಂದು ಮೀಟರು ದೂರವಿರಿ. ಹತ್ತಿರದಲ್ಲಿ ಕಲ್ಲುಕೋರೆ ನಡೆಯುತ್ತಿದ್ದರೆ ಬಿಟ್ಟುಬಿಡಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ಕಂಡು ಆಸೆಯಾಗಬಹುದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅಲ್ಲಿ ತೂತು ಕೊರೆಯುವ ಮಾತೇ ಇಲ್ಲ.

ಪಾದೆ ಸಿಗದಿದ್ದರೆ ಎರಡನೆಯ ಆಯ್ಕೆ ಆಳದ ಪೈಲ್ ಅಡಿಪಾಯವಿರುವ, ಕಟ್ಟಿ ಕನಿಷ್ಠ ಐದು ವರ್ಷ ಆಗಿರುವ, ಎತ್ತರ ಕಡಿಮೆಯ ಆರ್‌ಸಿಸಿ ಕಟ್ಟಡ. ಆ್ಯಂಟೆನಾವನ್ನು ಪಿಲ್ಲರಿನ ನೇರಕ್ಕೆ ಬಿಗಿಯಿರಿ. ತಾರಸಿಯ ನಡುಭಾಗ, ಪ್ಯಾರಾಪೆಟ್ ಗೋಡೆ, ನೀರಿನ ಟ್ಯಾಂಕಿನ ಪಕ್ಕ ಬೇಡ. ಟ್ಯಾಂಕು ತುಂಬಿದಾಗ ಸ್ಲ್ಯಾಬು ಬಾಗುತ್ತದೆ. ಕಾಂಕ್ರೀಟು ಡಿಗ್ರಿಗೆ ಮೀಟರಿಗೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ. 10 ಮೀಟರು ಎತ್ತರದ ಕಟ್ಟಡ 15 ಡಿಗ್ರಿ ಬಿಸಿಯಾದರೆ 1.5 ಮಿ.ಮೀ. ಏರಿತು. ಹುಡುಕುತ್ತಿರುವುದೇ ಅಷ್ಟು ಎಂಬುದು ನೆನಪಿರಲಿ.

ದಿಗಂತದಿಂದ 15 ಡಿಗ್ರಿಗಿಂತ ಮೇಲೆ ಮರ, ಗೋಡೆ, ತಗಡಿನ ಮಾಡು ಇರಬಾರದು. ತೆಂಗು, ಅಡಿಕೆ ಎರಡು ರೀತಿಯಲ್ಲಿ ಕಾಟ ಕೊಡುತ್ತವೆ. ಒದ್ದೆ ಗರಿ ಸಂಕೇತವನ್ನು ನುಂಗುತ್ತದೆ, ಮೇಲಾಗಿ ಮರ ಬೆಳೆಯುತ್ತಾ ಹೋಗುತ್ತದೆ. ಮೂರು ವರ್ಷದಲ್ಲಿ ಸುತ್ತಲಿನ ಹಸಿರು ಏರಿದಂತೆಲ್ಲ ಎತ್ತರದ ಅಂಕೆ ಮೆಲ್ಲಗೆ ಜಾರಿದರೆ ಅದೂ ನೆಲದ ಚಲನೆಯಂತೆಯೇ ಕಾಣುತ್ತದೆ. ಹೆದ್ದಾರಿಯ ಹತ್ತಿರ, ಬಂದರು ಅಥವಾ ವಿಮಾನ ನಿಲ್ದಾಣದ ಆವರಣದಲ್ಲಿ ಅನುಮತಿಯಿಲ್ಲದೆ ಯಾವ ಕಂಬವನ್ನೂ ನೆಡಬೇಡಿ.

ಹಂತ 3: ಆ್ಯಂಟೆನಾ ಕೂರಿಸುವುದು

ಪಾದೆಗೆ 20 ಮಿ.ಮೀ. ಅಗಲ, 30ರಿಂದ 40 ಸೆಂ.ಮೀ. ಆಳದ ತೂತು ಕೊರೆಯಿರಿ. ಧೂಳನ್ನು ಪೂರ್ತಿ ಊದಿ ತೆಗೆಯಿರಿ. ಧೂಳು ಉಳಿದರೆ ಎಪಾಕ್ಸಿ ಕಲ್ಲನ್ನು ಹಿಡಿಯುವುದಿಲ್ಲ, ಧೂಳನ್ನು ಹಿಡಿಯುತ್ತದೆ. ತೂತಿನ ಅರ್ಧದಷ್ಟು ಎಪಾಕ್ಸಿ ತುಂಬಿ, 16 ಮಿ.ಮೀ. ಸರಳನ್ನು ತಿರುಗಿಸುತ್ತಾ ಇಳಿಸಿ, ರಸಮಟ್ಟದಿಂದ ನೇರ ಮಾಡಿ. ಪೂರ್ತಿ ಗಟ್ಟಿಯಾಗಲು ಎರಡು ದಿನ ಬಿಡಿ. ಇದು ಡಿಸೆಂಬರಿನಿಂದ ಮಾರ್ಚ್ ಒಳಗಿನ ಕೆಲಸ. ತೇವವಿರುವ ತೂತಿನಲ್ಲಿ ಎಪಾಕ್ಸಿ ಸರಿಯಾಗಿ ಕಚ್ಚುವುದಿಲ್ಲ.

ಸರಳಿನ ತುದಿಯಲ್ಲಿ ಸರ್ವೆಯವರು ಬಳಸುವ 5/8 ಇಂಚಿನ ಥ್ರೆಡ್ ಇರಲಿ. ಆ್ಯಂಟೆನಾದ ಉತ್ತರದ ಗುರುತನ್ನು ನಿಜ ಉತ್ತರಕ್ಕೆ ತಿರುಗಿಸಿ ಲಾಕ್ ಮಾಡಿ. ನಮ್ಮಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜ ಉತ್ತರಕ್ಕೂ ಅಂತರ ಅಲ್ಪ. ಗ್ರೀನ್‌ಲ್ಯಾಂಡಿನಲ್ಲಿ ಅದು ಹತ್ತಾರು ಡಿಗ್ರಿ, ಅಲ್ಲಿನ ದಾಖಲೆ ಓದುವಾಗ ಗಮನದಲ್ಲಿರಲಿ.

ಎತ್ತರ ಅಳೆಯುವುದು ಅತಿ ಸಣ್ಣ ಕೆಲಸ, ಅತಿ ಹೆಚ್ಚು ತಪ್ಪಾಗುವ ಕೆಲಸವೂ ಹೌದು. ಬೇಕಾದದ್ದು ಗುರುತಿನಿಂದ ಆ್ಯಂಟೆನಾದ ತಳದ ಉಲ್ಲೇಖ ಬಿಂದುವಿಗೆ ನೇರ ಲಂಬ ದೂರ. ಆ್ಯಂಟೆನಾದ ಅಂಚಿಗೆ ಓರೆಯಾಗಿ ಅಳೆದು ಅದನ್ನೇ ಲಂಬ ಎಂದು ಬರೆಯುತ್ತಾರೆ. ಓರೆ ಅಳತೆ 1.500 ಮೀ., ಆ್ಯಂಟೆನಾದ ತ್ರಿಜ್ಯ 0.17 ಮೀ. ಆಗಿದ್ದರೆ, ಓರೆಯ ವರ್ಗದಿಂದ ತ್ರಿಜ್ಯದ ವರ್ಗ ಕಳೆದು ವರ್ಗಮೂಲ ತೆಗೆಯಿರಿ: 1.4903 ಮೀ. ತಪ್ಪು 9.7 ಮಿ.ಮೀ. ಆಯಿತು, ಎಂಟು ಹತ್ತು ವರ್ಷದ ಚಲನೆಯಷ್ಟು. ಮೂರು ಕಡೆಯಿಂದ ಅಳೆಯಿರಿ. 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ್ಯಂಟೆನಾ ಮಟ್ಟದಲ್ಲಿಲ್ಲ. ನೋಟ್‌ಬುಕ್ಕಿನಲ್ಲಿ ಅಂಕೆ ಮಾತ್ರ ಬೇಡ, ‘ಎಲ್ಲಿಂದ ಎಲ್ಲಿಗೆ’ ಎಂಬ ಚಿತ್ರವನ್ನೂ ಬರೆಯಿರಿ. ಫೋಟೊ ತೆಗೆದಿಡಿ.

ಕಾಗೆ ಕೂರಬಾರದೆಂದು ಕಬ್ಬಿಣದ ಮುಳ್ಳು ಸಿಕ್ಕಿಸುವವರಿದ್ದಾರೆ. ಆ್ಯಂಟೆನಾ ಬಳಿ ಲೋಹ ಬಂತೆಂದರೆ ಅದರ ಕ್ಯಾಲಿಬ್ರೇಶನ್ ಕೆಟ್ಟಿತು. ಕಾಗೆ ಕೂರಲಿ, ತಿಂಗಳಿಗೊಮ್ಮೆ ಒರೆಸಿ.

ಹಂತ 4: ಕರೆಂಟು ಮತ್ತು ಸಿಡಿಲು

ರಿಸೀವರ್ 3 ವ್ಯಾಟ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 72 ವ್ಯಾಟ್-ಗಂಟೆ, 12 ವೋಲ್ಟಿನಲ್ಲಿ 6 ಆಂಪಿಯರ್-ಗಂಟೆ. ಆಟಿ ತಿಂಗಳಲ್ಲಿ ಐದು ದಿನ ಸೂರ್ಯ ಕಾಣದಿದ್ದರೆ 30 ಬೇಕು. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ 60 ಆಂಪಿಯರ್-ಗಂಟೆಯದ್ದೇ ತೆಗೆದುಕೊಳ್ಳಿ. ಗ್ರೀನ್‌ಲ್ಯಾಂಡಿನ ಕೇಂದ್ರಗಳಿಗೆ ಹೋಲಿಸಿದರೆ ಇದು ಸುಖ. ಅಲ್ಲಿ ಉತ್ತರದ ತುದಿಯಲ್ಲಿ ತಿಂಗಳುಗಟ್ಟಲೆ ರಾತ್ರಿ.

ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಸಿಡಿಲು ನಿಜವಾದ ಶತ್ರು. ಆ್ಯಂಟೆನಾ ಕೇಬಲ್ಲು ಪೆಟ್ಟಿಗೆಯೊಳಗೆ ಹೋಗುವ ಜಾಗದಲ್ಲಿ ಸರ್ಜ್ ಅರೆಸ್ಟರ್ ಹಾಕಿ, ಅದನ್ನು ಪ್ರತ್ಯೇಕ ಅರ್ತಿಂಗ್‌ಗೆ ಜೋಡಿಸಿ. ಪಾದೆಯಲ್ಲಿ ಅರ್ತಿಂಗ್ ಸಿಗುವುದು ಕಷ್ಟ, ಮಣ್ಣಿರುವ ಕಡೆಗೆ ತಂತಿ ಎಳೆಯಿರಿ. ಕನೆಕ್ಟರಿಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪು ಸುತ್ತಿ, ಕೇಬಲ್ಲನ್ನು ಕೆಳಗೆ ಇಳಿಬಿಟ್ಟು ಪೆಟ್ಟಿಗೆಗೆ ಏರಿಸಿ. ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ.

ಹಂತ 5: ರೆಕಾರ್ಡಿಂಗ್

30 ಸೆಕೆಂಡಿಗೊಂದು ರೀಡಿಂಗ್, ದಿಗಂತದಿಂದ 5 ಡಿಗ್ರಿ ಮೇಲಿನ ಎಲ್ಲ ಉಪಗ್ರಹಗಳು. ಕಸ ಕಳೆಯುವುದು ಲೆಕ್ಕದ ಹೊತ್ತಿಗೆ ಆಗಲಿ. ರೆಕಾರ್ಡ್ ಆಗದ್ದನ್ನು ಆಮೇಲೆ ತರಲಾಗುವುದಿಲ್ಲ. ಜಿಪಿಎಸ್, ಯುರೋಪಿನ ಗೆಲಿಲಿಯೊ, ರಷ್ಯದ ಗ್ಲೊನಾಸ್ ಎಲ್ಲ ಹಿಡಿಯಿರಿ. ಭಾರತದ ನಾವಿಕ್ ಸಂಕೇತವನ್ನೂ ಉಳಿಸಿಡಿ, ಆದರೆ ಮಿಲಿಮೀಟರಿನ ಲೆಕ್ಕವನ್ನು ಜಿಪಿಎಸ್ ಮತ್ತು ಗೆಲಿಲಿಯೊ ಮೇಲೆ ನಿಲ್ಲಿಸಿ.

ದಿನದ ಫೈಲು ಜಾಗತಿಕ ಸಮಯದ ಮಧ್ಯರಾತ್ರಿಗೆ, ಅಂದರೆ ನಮ್ಮ ಬೆಳಗಿನ 5.30ಕ್ಕೆ ಶುರುವಾಗಲಿ. ಭಾರತೀಯ ಸಮಯದಲ್ಲಿ ಕತ್ತರಿಸಿದರೆ ಒಂದೊಂದು ಫೈಲಿಗೂ ಎರಡು ದಿನದ ಉಪಗ್ರಹ ಕಕ್ಷೆಯ ಕಡತ ಬೇಕಾಗುತ್ತದೆ. ಮೂಲ ಫೈಲನ್ನು ಹಾಗೇ ಉಳಿಸಿಕೊಂಡು, ಅದರ ಪ್ರತಿಯನ್ನು ಎಲ್ಲ ಸಾಫ್ಟ್‌ವೇರುಗಳೂ ಓದುವ ರಿನೆಕ್ಸ್ ರೂಪಕ್ಕೆ ತನ್ನಿ. ರಿನೆಕ್ಸ್ ತಲೆಬರಹದಲ್ಲಿ ಆ್ಯಂಟೆನಾದ ಹೆಸರಿಗೆ 20 ಅಕ್ಷರದ ಜಾಗವಿದೆ, ಕೊನೆಯ ನಾಲ್ಕು ಅದರ ರಕ್ಷಣೆಯ ಟೊಪ್ಪಿಯ (ರೇಡೋಮ್) ಸಂಕೇತ. ಟೊಪ್ಪಿ ಇಲ್ಲದಿದ್ದರೆ ‘NONE’ ಎಂದು ಬರೆಯಲೇಬೇಕು. ಒಂದು ಖಾಲಿ ಜಾಗ ಹೆಚ್ಚುಕಡಿಮೆಯಾದರೂ ಕ್ಯಾಲಿಬ್ರೇಶನ್ ಹೊಂದದು. ಕೆಲವು ಸಾಫ್ಟ್‌ವೇರುಗಳು ಎಚ್ಚರಿಕೆಯನ್ನೂ ಕೊಡದೆ ಮುಂದುವರಿದುಬಿಡುತ್ತವೆ, ಎತ್ತರ ಸೆಂಟಿಮೀಟರುಗಟ್ಟಲೆ ತಪ್ಪುತ್ತದೆ.

ಹಂತ 6: ಲೆಕ್ಕ

2021ರ ಫೆಬ್ರವರಿಯ ಜಿಯೊಸ್ಪೇಷಿಯಲ್ ಮಾರ್ಗಸೂಚಿಯ ಪ್ರಕಾರ, ಅಡ್ಡದಲ್ಲಿ 1 ಮೀಟರ್, ಲಂಬದಲ್ಲಿ 3 ಮೀಟರಿಗಿಂತ ಸೂಕ್ಷ್ಮವಾದ ದತ್ತಾಂಶವನ್ನು ದೇಶದೊಳಗೇ ಇಟ್ಟು ಸಂಸ್ಕರಿಸಬೇಕು. ಆದ್ದರಿಂದ ಸ್ವಂತ ಕೇಂದ್ರದ ಫೈಲುಗಳನ್ನು ನಿಮ್ಮ ಕಂಪ್ಯೂಟರಿನಲ್ಲೇ ನಡೆಸಿ. ಒಂದೇ ಕೇಂದ್ರದ ಫೈಲಿನಿಂದ ನಿಖರ ಸ್ಥಾನ ಲೆಕ್ಕ ಹಾಕುವ (ಇದಕ್ಕೇ ‘ಪಿಪಿಪಿ’ ಎನ್ನುತ್ತಾರೆ) ವುಹಾನ್ ವಿಶ್ವವಿದ್ಯಾಲಯದ ‘ಪ್ರೈಡ್ ಪಿಪಿಪಿ-ಎಆರ್’ ಮುಕ್ತ ತಂತ್ರಾಂಶ ಇದಕ್ಕೆ ಸಾಕು. ಕೆನಡಾದ ಸಿಎಸ್‌ಆರ್‌ಎಸ್-ಪಿಪಿಪಿ ಆನ್‌ಲೈನ್ ಸೇವೆಯನ್ನು ಗ್ರೀನ್‌ಲ್ಯಾಂಡಿನ ಫೈಲುಗಳಿಂದ ಅಭ್ಯಾಸ ಮಾಡಲು ಇಟ್ಟುಕೊಳ್ಳಿ. ಅದರಲ್ಲಿ ಚೌಕಟ್ಟು ಆರಿಸುವಾಗ ಐಟಿಆರ್‌ಎಫ್ ಒತ್ತಿ, ಅದು ಇಡೀ ಭೂಮಿಗೆ ಕಟ್ಟಿದ ಚೌಕಟ್ಟು. ‘ನ್ಯಾಡ್83’ ಉತ್ತರ ಅಮೆರಿಕಕ್ಕೆ ಕಟ್ಟಿದ್ದು. ಒಂದು ದಿನ ಇದು, ಒಂದು ದಿನ ಅದು ಒತ್ತಿದರೆ ಮೀಟರು ಮಟ್ಟದ ನೆಗೆತ ಬರುತ್ತದೆ.

ಕಕ್ಷೆ ಮತ್ತು ಗಡಿಯಾರದ ಅಂತಿಮ ಕಡತಗಳು ಬರಲು ಎರಡು ವಾರದ ಹತ್ತಿರ ಹಿಡಿಯುತ್ತದೆ. ಕಾಯಿರಿ. ಅವಸರದ ಕಡತ, ಅಂತಿಮ ಕಡತ ಬೆರೆಸಿದ ಸರಣಿಯನ್ನು ಪ್ರಕಟಿಸಬೇಡಿ.

ಚೌಕಟ್ಟಿನ ವಿಷಯದಲ್ಲಿ ಒಂದು ದಿನಾಂಕ ಗೋಡೆಗೆ ಅಂಟಿಸಿಡಿ: 27 ನವೆಂಬರ್ 2022, ಜಿಪಿಎಸ್ ವಾರ 2238. ಅಂದು ಅಂತಾರಾಷ್ಟ್ರೀಯ ಸೇವೆ ತನ್ನ ಹಳೆಯ ಚೌಕಟ್ಟು ಐಜಿಬಿ14 (ಐಜಿಎಸ್14ರ ಪರಿಷ್ಕೃತ ರೂಪ) ಬಿಟ್ಟು ಐಜಿಎಸ್20ಕ್ಕೆ ಬಂತು, ಆ್ಯಂಟೆನಾ ಕ್ಯಾಲಿಬ್ರೇಶನ್ ಕಡತವೂ ಜೊತೆಗೇ ಬದಲಾಯಿತು. ಆ ದಿನದ ಆಚೀಚೆಯ ಫಲಿತಾಂಶಗಳನ್ನು ಹಾಗೇ ಜೋಡಿಸಿದರೆ ನೆಲ ಅಂದು ಮಿಲಿಮೀಟರುಗಟ್ಟಲೆ ನೆಗೆದಂತೆ ಕಾಣುತ್ತದೆ. ಹಳೆಯದನ್ನೂ ಹೊಸ ಚೌಕಟ್ಟಿನಲ್ಲಿ ಮೊದಲಿನಿಂದ ನಡೆಸಬೇಕು. ಬೇರೆ ದಾರಿ ಇಲ್ಲ.

ಉಬ್ಬರದ ಭಾರವನ್ನು ಸೇರಿಸಿ. ಸಮುದ್ರ ಏರಿದಾಗ ಕರಾವಳಿಯ ನೆಲ ತಗ್ಗುತ್ತದೆ. ಸ್ವೀಡನ್ನಿನ ಚಾಲ್ಮರ್ಸ್ ಸಂಸ್ಥೆಯ ಉಚಿತ ಸೇವೆಗೆ ಸ್ಥಳದ ಅಕ್ಷಾಂಶ ರೇಖಾಂಶ ಕೊಟ್ಟು ಎಫ್‌ಇಎಸ್2014ಬಿ ಮಾದರಿ ಆರಿಸಿದರೆ, ಸಾಫ್ಟ್‌ವೇರು ಓದುವ ‘ಬಿಎಲ್‌ಕ್ಯು’ ಕಡತ ಸಿಗುತ್ತದೆ (ಇದಕ್ಕೆ ಸ್ಥಳವನ್ನು ಕಿಲೋಮೀಟರಿನ ಮಟ್ಟಕ್ಕೆ ಕೊಟ್ಟರೆ ಸಾಕು). ಪೂರ್ತಿ 24 ಗಂಟೆಯ ಫೈಲಿನಲ್ಲಿ ಇದು ಬಹುಪಾಲು ಸರಾಸರಿಯಾಗಿ ಹೋಗುತ್ತದೆ. ಎರಡು ಮೂರು ಗಂಟೆ ರೆಕಾರ್ಡ್ ಮಾಡುವವರಿಗೆ ಹೋಗುವುದಿಲ್ಲ. ಮೊದಲ ಪ್ಯಾರಾದ ಆ ವರದಿ ಸೋಲುವ ಕಾರಣಗಳಲ್ಲಿ ಇದೂ ಒಂದು.

ಗಾಳಿಯ ತೇವ ಇನ್ನೊಂದು ದೊಡ್ಡ ತಲೆನೋವು. ಒಣ ಗಾಳಿ ನೆತ್ತಿಯ ನೇರದಲ್ಲಿ ಸಂಕೇತವನ್ನು ಸುಮಾರು 2.3 ಮೀಟರಿನಷ್ಟು ತಡಮಾಡುತ್ತದೆ, ಇದನ್ನು ಒತ್ತಡದಿಂದ ಲೆಕ್ಕ ಹಾಕಬಹುದು. ತೇವದ ಪಾಲು ಗ್ರೀನ್‌ಲ್ಯಾಂಡಿನಲ್ಲಿ ಕೆಲವೇ ಸೆಂ.ಮೀ., ಮಳೆಗಾಲದ ಮಂಗಳೂರಿನಲ್ಲಿ 30 ಸೆಂ.ಮೀ. ದಾಟುತ್ತದೆ, ಗಂಟೆಗಂಟೆಗೂ ಬದಲಾಗುತ್ತದೆ. ನೆತ್ತಿಯ ವಿಳಂಬದಲ್ಲಿ 1 ಸೆಂ.ಮೀ. ತಪ್ಪಿದರೆ ಎತ್ತರದಲ್ಲಿ ಸುಮಾರು 3 ಸೆಂ.ಮೀ. ತಪ್ಪುತ್ತದೆ. ಆದ್ದರಿಂದ ತೇವದ ವಿಳಂಬವನ್ನು ಸ್ಥಿರ ಎಂದು ಇಡದೆ, ಒಂದೆರಡು ಗಂಟೆಗೊಮ್ಮೆ ಹೊಸದಾಗಿ ಅಂದಾಜಿಸುವ ಆಯ್ಕೆ ಹಾಕಿ. ಉಪಗ್ರಹದ ಕೋನಮಿತಿ 7ರಿಂದ 10 ಡಿಗ್ರಿ ಇರಲಿ, ಒಮ್ಮೆ ಆರಿಸಿದ್ದನ್ನು ಎಂದೂ ಬದಲಾಯಿಸಬೇಡಿ.

ಫಲಿತಾಂಶದಲ್ಲಿ ಮಂಗಳೂರಿನ ಕಡಲತಡಿಯ ಎತ್ತರ ಸೊನ್ನೆಗಿಂತ 80 ಮೀಟರಿಗೂ ಹೆಚ್ಚು ಕೆಳಗೆ ಬಂದರೆ ಗಾಬರಿ ಬೇಡ. ಅದು ಗಣಿತದ ದೀರ್ಘವೃತ್ತಗೋಳದಿಂದ ಅಳೆದ ಎತ್ತರ. ನಮ್ಮ ಸುತ್ತ ಸಮುದ್ರಮಟ್ಟವೇ ಆ ಗೋಳಕ್ಕಿಂತ ಅಷ್ಟು ಕೆಳಗಿದೆ. ‘ಸರಿಪಡಿಸಲು’ ಹೋಗಬೇಡಿ, ಚಲನೆಯ ಲೆಕ್ಕಕ್ಕೆ ಇದೇ ಬೇಕು.

ಹಂತ 7: ಕಾಲಸರಣಿಯಿಂದ ವೇಗ

ನೇರ ಟ್ರೆಂಡ್, ವಾರ್ಷಿಕ ಅಲೆ, ಅರ್ಧವಾರ್ಷಿಕ ಅಲೆ ಮತ್ತು ಗೊತ್ತಿರುವ ಪ್ರತಿ ನೆಗೆತಕ್ಕೊಂದು ಮೆಟ್ಟಿಲು, ಎಲ್ಲವನ್ನೂ ಒಟ್ಟಿಗೆ ಹೊಂದಿಸಬೇಕು. ಮೊದಲು ಟ್ರೆಂಡ್ ತೆಗೆದು ಆಮೇಲೆ ಅಲೆ ತೆಗೆದರೆ ಎರಡೂ ಕೆಡುತ್ತವೆ. ಕನಿಷ್ಠ ಎರಡೂವರೆ ವರ್ಷದ ಡೇಟಾ ಇಲ್ಲದೆ ವೇಗವನ್ನು ಬರೆಯಲೇಬೇಡಿ. ಅದಕ್ಕಿಂತ ಕಡಿಮೆಯಿದ್ದರೆ ಮಳೆಗಾಲದ ಅಲೆ ಟ್ರೆಂಡಿನೊಳಗೆ ನುಸುಳುತ್ತದೆ.

ನೆಗೆತಗಳ ದಿನಾಂಕವನ್ನು ನೋಟ್‌ಬುಕ್ಕಿನಿಂದ ತೆಗೆಯಿರಿ: ಆ್ಯಂಟೆನಾ ಬದಲು, ಸಿಡಿಲಿಗೆ ಸುಟ್ಟ ಕೇಬಲ್ಲು, ರಿಸೀವರಿನ ಹೊಸ ಫರ್ಮ್‌ವೇರ್. ದೂರದ ಭೂಕಂಪವನ್ನೂ ಮರೆಯಬೇಡಿ. 26 ಡಿಸೆಂಬರ್ 2004ರ ಸುಮಾತ್ರಾ ಭೂಕಂಪ ದಕ್ಷಿಣ ಭಾರತದ ಕೇಂದ್ರಗಳನ್ನೂ ಪೂರ್ವಕ್ಕೆ ಸರಿಸಿತ್ತು. ಹಂತ 1ರ ಐಐಎಸ್‌ಸಿ ನಕ್ಷೆಯಲ್ಲಿ ಅದನ್ನು ಹುಡುಕಿ ನೋಡಿ. ಕಣ್ಣಿಗೆ ನೆಗೆತದಂತೆ ಕಂಡಲ್ಲೆಲ್ಲ ಮೆಟ್ಟಿಲು ಇಡುವುದು ಮಾತ್ರ ಮೋಸ. ಸಾಕಷ್ಟು ಮೆಟ್ಟಿಲಿಟ್ಟರೆ ಬೇಕಾದ ವೇಗ ಬರುತ್ತದೆ.

ವರ್ಷಕ್ಕೊಂದು ಅಂತರದ ದಿನಗಳನ್ನು ಜೋಡಿಸಿ, ಆ ಇಳಿಜಾರುಗಳ ಮಧ್ಯಮ ಬೆಲೆ ತೆಗೆಯುವ ‘ಮೈಡಾಸ್’ ವಿಧಾನ ಹೊಸಬರಿಗೆ ಸುರಕ್ಷಿತ. ವಾರ್ಷಿಕ ಅಲೆ ತಾನಾಗಿ ರದ್ದಾಗುತ್ತದೆ, ಗೊತ್ತಿಲ್ಲದ ನೆಗೆತವೂ ಅಷ್ಟಾಗಿ ಕೆಡಿಸದು. ಇಪ್ಪತ್ತು ಸಾಲಿನ ಪೈಥಾನಿನಲ್ಲಿ ಬರೆಯಬಹುದು.

ಸ್ಪ್ರೆಡ್‌ಶೀಟು ಕೊಡುವ ‘ದೋಷ’ ನಂಬಬೇಡಿ. ಇವತ್ತಿನ ತಪ್ಪಿಗೂ ನಿನ್ನೆಯ ತಪ್ಪಿಗೂ ನಂಟಿರುವುದರಿಂದ ಅದು ಐದರಿಂದ ಹತ್ತು ಪಟ್ಟು ಆಶಾವಾದಿ. ಮೂರು ವರ್ಷದ ಸರಣಿಯಿಂದ ಲಂಬ ವೇಗದ ದೋಷ ವರ್ಷಕ್ಕೆ 0.1 ಮಿ.ಮೀ. ಎಂದು ಬಂದಿದ್ದರೆ ಲೆಕ್ಕ ತಪ್ಪಿದೆ. 1 ಮಿ.ಮೀ. ಆಸುಪಾಸಿನದು ನಂಬಲು ಯೋಗ್ಯ.

ಹಂತ 8: ಏರಿಕೆಯಿಂದ ಮಂಜಿನ ತೂಕಕ್ಕೆ

ಕೆಎಜಿಎಯ ವೇಗ ಕೈಗೆ ಬಂತು. ಅದನ್ನು ತೂಕಕ್ಕೆ ತಿರುಗಿಸುವ ಮುನ್ನ ಒಂದು ಅಂದಾಜು ಲೆಕ್ಕ ಮಾಡಿ. ತ್ರಿಜ್ಯ 20 ಕಿ.ಮೀ.ಯ ವೃತ್ತದಲ್ಲಿ ಮಂಜು 1 ಮೀಟರ್ ತೆಳುವಾಯಿತು ಎನ್ನಿ. ಇಳಿದ ಒತ್ತಡ ಸುಮಾರು 9000 ಪ್ಯಾಸ್ಕಲ್. ಶಿಲೆಯ ಸ್ಥಿತಿಸ್ಥಾಪಕ ಗುಣಾಂಕ (ಅದರ ಬಿಗಿತದ ಅಳತೆ) 10,000 ಕೋಟಿ ಪ್ಯಾಸ್ಕಲ್, ಪಾಯಿಸನ್ ಅನುಪಾತ (ಒತ್ತಿದಾಗ ಬದಿಗೆ ಉಬ್ಬುವ ಪ್ರಮಾಣ) 0.25 ಎಂದಿಟ್ಟರೆ, ಒತ್ತಡ × ತ್ರಿಜ್ಯ × 1.875 ÷ ಗುಣಾಂಕ = ನಡುವಿನಲ್ಲಿ 3.4 ಮಿ.ಮೀ. ಏರಿಕೆ. ಆ್ಯಂಟೆನಾ ಇರುವುದು ಅಂಚಿನ ಬಂಡೆಯಲ್ಲಿ. ಅಂಚಿನಲ್ಲಿ ಏರಿಕೆ ನಡುವಿನದ್ದರ 64 ಶೇಕಡ, ಅಂದರೆ 2.1 ಮಿ.ಮೀ. ಹೋದ ಮಂಜು 115 ಕೋಟಿ ಟನ್.

ಈಗ ತ್ರಿಜ್ಯ 10 ಕಿ.ಮೀ., ತೆಳುವಾದದ್ದು 2 ಮೀಟರ್ ಎಂದು ಹಾಕಿ. ಅಂಚಿನ ಏರಿಕೆ ಅದೇ 2.1 ಮಿ.ಮೀ., ತೂಕ ಮಾತ್ರ ಅರ್ಧ! ಒಂದೇ ಕೇಂದ್ರದಿಂದ ಮಂಜನ್ನು ತೂಗಲಾಗದು ಎಂಬುದು ಇದರಿಂದ ಗೊತ್ತಾಗುತ್ತದೆ. ತೆಳುವಾದ ಜಾಗ ಎಷ್ಟಗಲ ಎಂಬುದನ್ನು ಐಸ್‌ಸ್ಯಾಟ್-2ರಂಥ ಎತ್ತರ ಅಳೆಯುವ ಉಪಗ್ರಹದಿಂದ, ಒಟ್ಟು ತೂಕವನ್ನು ಗ್ರೇಸ್-ಫಾಲೋ ಆನ್‌ನಂಥ ಗುರುತ್ವ ಅಳೆಯುವ ಉಪಗ್ರಹ ಜೋಡಿಯಿಂದ ತರಬೇಕು. ಜಿಪಿಎಸ್ ಆ ಎರಡನ್ನೂ ದಿನದಿನವೂ ತಪಾಸಣೆ ಮಾಡುವ ತಕ್ಕಡಿ.

ಅಡ್ಡ ಚಲನೆಯಿಂದಲೂ ಒಂದು ಪರೀಕ್ಷೆಯಿದೆ. ಭೂಫಲಕದ ನಡಿಗೆ ಕಳೆದ ಮೇಲೆ, ಮಂಜು ಕಳೆದುಕೊಂಡ ಜಾಗದಿಂದ ಕೇಂದ್ರ ದೂರ ಸರಿಯುತ್ತಿರಬೇಕು. ಹತ್ತಿರ ಸರಿಯುತ್ತಿದ್ದರೆ ಏರಿಕೆಗೆ ಬೇರೆ ಕಾರಣ ಹುಡುಕಿ.

ಎಲ್ಲ ಏರಿಕೆಯೂ ಇಂದಿನ ಕರಗುವಿಕೆಯದ್ದಲ್ಲ. ಸಾವಿರಾರು ವರ್ಷಗಳ ಹಿಂದೆ ಹೋದ ಮಂಜಿಗೆ ಭೂಮಿಯ ಒಳಪದರ ಇಂದಿಗೂ ನಿಧಾನವಾಗಿ ಹೊಂದಿಕೊಳ್ಳುತ್ತಿದೆ, ಅದನ್ನು ಮಾದರಿಯಿಂದ ಕಳೆಯಬೇಕು. ಅಂಟಾರ್ಕ್ಟಿಕದ ಅಮುಂಡ್ಸನ್ ಸಮುದ್ರದ ತೀರದಲ್ಲಿ ವರ್ಷಕ್ಕೆ 41 ಮಿ.ಮೀ.ವರೆಗೆ ಏರಿಕೆ ದಾಖಲಾಗಿದೆ. ಅಲ್ಲಿ ಒಳಪದರ ಮೆತ್ತಗಿರುವುದರಿಂದ ಅದು ಬೇಗ ಹರಿದು ಬರುತ್ತದೆ. ಮೇಲಿನ ಸ್ಥಿತಿಸ್ಥಾಪಕ ಸೂತ್ರವನ್ನಷ್ಟೇ ಹಾಕಿದರೆ ಅಲ್ಲಿ ಕರಗಿದ್ದನ್ನು ವಿಪರೀತ ಹೆಚ್ಚು ತೋರಿಸುತ್ತದೆ.

ಇದೇ ಸೂತ್ರ ನಮ್ಮ ಮಳೆಗಾಲಕ್ಕೂ ನಡೆಯುತ್ತದೆ. 100 ಕಿ.ಮೀ. ತ್ರಿಜ್ಯದಲ್ಲಿ 20 ಸೆಂ.ಮೀ. ನೀರು ಮಣ್ಣಿನಲ್ಲಿ, ಹೊಳೆ ಕೆರೆಗಳಲ್ಲಿ ನಿಂತಿತು ಎಂದಿಟ್ಟುಕೊಂಡರೆ ನಡುವೆ ನೆಲ 3.7 ಮಿ.ಮೀ., ಅಂಚಿನಲ್ಲಿ 2.3 ಮಿ.ಮೀ. ತಗ್ಗುತ್ತದೆ. ಮಳೆ ಮುಗಿಯುವ ಹೊತ್ತಿಗೆ ತಗ್ಗು, ಬೇಸಿಗೆಯ ಕೊನೆಗೆ ಉಬ್ಬು. ನಿಮ್ಮ ಕೇಂದ್ರದ ಅಲೆ ಇದಕ್ಕೆ ತಿರುಗುಮುರುಗಾಗಿ, ಅಂದರೆ ಮಳೆಗಾಲದಲ್ಲಿ ಉಬ್ಬಿದಂತೆ ಕಂಡರೆ, ಹಂತ 2ಕ್ಕೆ ಮರಳಿ ಕಲ್ಲನ್ನು ನೋಡಿ. ನೀರು ಕುಡಿದ ಮಣ್ಣು ಕಂಬವನ್ನು ಎತ್ತುತ್ತಿರಬಹುದು.

ಎಚ್ಚರಿಕೆಯ ಲಕ್ಷಣಗಳು

ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಸೂರ್ಯಾಸ್ತದ ನಂತರ ಸೈಕಲ್ ಸ್ಲಿಪ್ (ರಿಸೀವರ್ ಸಂಕೇತದ ಅಲೆಗಳ ಎಣಿಕೆ ತಪ್ಪುವುದು) ಹಠಾತ್ತನೆ ಹೆಚ್ಚಿದರೆ ಉಪಕರಣ ಕೆಟ್ಟಿಲ್ಲ. ನಾವಿರುವುದು ಭೂಕಾಂತೀಯ ಸಮಭಾಜಕ ರೇಖೆಯ ಹತ್ತಿರ, ಅಯಾನುಗೋಳ ಆಗ ಕುದಿಯುತ್ತದೆ. ವರ್ಷವಿಡೀ, ಹಗಲೂ ರಾತ್ರಿ ಹೆಚ್ಚಿದ್ದರೆ ಕನೆಕ್ಟರಿಗೆ ನೀರು ಇಳಿದಿದೆ.

ಎಲ್2ರ ಸಂಕೇತಬಲ ಮಾತ್ರ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಕೇಬಲ್ಲು ಅಥವಾ ಆ್ಯಂಟೆನಾದ ಆಂಪ್ಲಿಫೈಯರು ಸಾಯುತ್ತಿದೆ. ಸತ್ತ ಮೇಲೆ ಬದಲಾಯಿಸಿದರೆ ಅದಕ್ಕೂ ಹಿಂದಿನ ಎಷ್ಟು ದಿನ ಕೆಟ್ಟಿತ್ತೆಂದು ಹೇಳಲಾಗದು.

ಮಂಜಿನ ನಾಡಿನ ಕೇಂದ್ರದಲ್ಲಿ ಚಳಿಗಾಲದ ಕೆಲವು ವಾರ ಎತ್ತರ ಸೆಂಟಿಮೀಟರುಗಟ್ಟಲೆ ಕೆಟ್ಟು, ವಸಂತದಲ್ಲಿ ತಾನಾಗಿ ಸರಿಹೋದರೆ ಆ್ಯಂಟೆನಾ ಮೇಲೆ ಹಿಮ ಕೂತಿತ್ತು ಎಂದರ್ಥ. ಆ ದಿನಗಳನ್ನು ತೆಗೆದುಹಾಕಿ, ತಿದ್ದಬೇಡಿ. ನಮ್ಮಲ್ಲಿ ಅದೇ ಕೆಲಸವನ್ನು ಕಣಜದ ಗೂಡು ಮಾಡುತ್ತದೆ.

ಸುಮಾರು 351 ದಿನಕ್ಕೊಮ್ಮೆ ಮರಳುವ ಅಲೆ ಕಂಡರೆ ಅದು ಋತುವಿನದ್ದಲ್ಲ, ಜಿಪಿಎಸ್ ಕಕ್ಷೆ ಸೂರ್ಯನಿಗೆ ಮುಖ ತಿರುಗಿಸುವ ಆವರ್ತದ್ದು. ಸರಣಿ ಚಿಕ್ಕದಿದ್ದಾಗ ಇದನ್ನು ವಾರ್ಷಿಕ ಅಲೆಯಿಂದ ಬೇರ್ಪಡಿಸಲು ಸಾಧ್ಯವೇ ಇಲ್ಲ.

ಈ ಅಂಕೆಯಿಂದ ಇಲ್ಲಿ ಏನು ಉಪಯೋಗ

ಪಣಂಬೂರಿನ ಉಬ್ಬರಮಾಪಕ ಅಳೆಯುವುದು ತಾನು ನಿಂತ ನೆಲಕ್ಕೆ ಹೋಲಿಸಿದ ಸಮುದ್ರವನ್ನು. ನೆಲ ವರ್ಷಕ್ಕೆ 1 ಮಿ.ಮೀ. ತಗ್ಗಿದರೆ ಸಮುದ್ರ 1 ಮಿ.ಮೀ. ಏರಿದಂತೆಯೇ ಕಾಣುತ್ತದೆ. ಸುಮಾರು 36,000 ಕೋಟಿ ಟನ್ ಮಂಜು ಕರಗಿದರೆ ಜಗತ್ತಿನ ಸಮುದ್ರ ಸರಾಸರಿ 1 ಮಿ.ಮೀ. ಏರುತ್ತದೆ. ಗ್ರೀನ್‌ಲ್ಯಾಂಡಿನ ಮಂಜಿನ ಗುರುತ್ವ ಕಡಿಮೆಯಾದಂತೆ ಅಲ್ಲಿಯ ತೀರದ ನೀರು ಸರಿದು ದೂರ ಹೋಗುವುದರಿಂದ, ನಮ್ಮಂಥ ಉಷ್ಣವಲಯದ ತೀರಕ್ಕೆ ಸರಾಸರಿಗಿಂತ ತುಸು ಹೆಚ್ಚೇ ಬರುತ್ತದೆ. ನೆಲದ ತಗ್ಗುವಿಕೆಯನ್ನೂ ಸಮುದ್ರದ ಏರಿಕೆಯನ್ನೂ ಬಿಡಿಸಬೇಕಾದರೆ ಮಾಪಕದ ಹತ್ತಿರ ಒಂದು ಕೇಂದ್ರ, ಒಳನಾಡಿನ ಗಟ್ಟಿ ಪಾದೆಯ ಮೇಲೆ ಇನ್ನೊಂದು ಬೇಕು. ಎರಡರ ನಡುವೆ ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ, ಲೆವೆಲಿಂಗ್ (ದುರ್ಬೀನು ಮತ್ತು ಅಳತೆಕೋಲಿನಿಂದ ಎತ್ತರದ ವ್ಯತ್ಯಾಸ ಅಳೆಯುವುದು) ಓಡಿಸಿ. ಮಾಪಕದ ಬೆಂಚ್‌ಮಾರ್ಕಿನಿಂದಲೇ ಶುರು ಮಾಡಿ, ಅಲ್ಲಿಗೇ ಮರಳಿ ಮುಗಿಸಿ. ಮುಚ್ಚುವಾಗ ಬಂದ ವ್ಯತ್ಯಾಸವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.